ಆನ್‌ಲೈನ್‌ಗೆ ಹೋದ ಫಕೀರವ್ವನ ಗುಟ್ಟು

ಗದಗಿನ ಆ ಓಣಿಯಲ್ಲಿ ಎಳೆಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಬೇಕೆಂದರೆ ಫಕೀರವ್ವನೇ ಬರಬೇಕು...

ಗಂಡ ತೀರಿಕೊಂಡ ಮೇಲೆ ಅವಳಿಗೆ ನಿದ್ದೆಯೇ ಹಾರಿಹೋಗಿತ್ತು. ಮನೋವೈದ್ಯೆ ಅನಸೂಯಾ ಕೊಟ್ಟ ಗುಳಿಗೆಯಿಂದ ಈಗ ಆರಾಮಾಗಿದ್ದಳು.

ಆದರೆ ಈ ವಿಷಯ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ತಲಿ ಗುಳಿಗಿ ನುಂಗೋಳ ಕೈಯಾಗ ಯಾರರ ಕೂಸು ಕೊಡ್ತಾರೇನು?" ಎಂಬ ಭಯ ಅವಳಿಗೆ.

ಅಂದು ಕ್ಲಿನಿಕ್ಕಿಗೆ ಹೋದಾಗ ಕೌಂಟರಿನ ರೇಷ್ಮಾ ನಗುನಗುತ್ತಾ ಹೇಳಿದಳು.
"ನಮ್ಮ ಕಂಪ್ಯೂಟರ್ ಸುಟ್ಟು ಹೋತ್ರೀ ಅಕ್ಕಾರ... ಚಿಂತಿ ಬ್ಯಾಡ, ನಿಮ್ಮದೆಲ್ಲಾ ಮೊದಲ ಆನ್‌ಲೈನ್‌ನ್ಯಾಗ ಹಾಕಿಟ್ಟೇವಿ!"

ಫಕೀರವ್ವ ಗಾಬರಿಯಿಂದ ಸುತ್ತ ಕೂತವರನ್ನು ನೋಡಿದಳು...

ಅವಳಿಗೆ ಗೊತ್ತಿದ್ದ ಆನ್‌ಲೈನ್ ಒಂದೇ. ತೊಟ್ಟಿಲ ಫೋಟೋ ಸ್ಟೇಟಸ್‌ಗೆ ಹಾಕಿದರೆ ಸಂಜೆಯೊಳಗೆ ಊರೆಲ್ಲಾ ನೋಡುವ ಆನ್‌ಲೈನ್!

ಸೀದಾ ಡಾಕ್ಟರ ಕೋಣೆಗೆ ನುಗ್ಗಿದಳು.
"ನಿಮಗ ನಾ ಏನ್ ಮಾಡಿದ್ದೆ ಬಾಯಾರ? ಅಳಸ್ರಿ ಅದನ್ನ... ಇನ್ನ ನನ್ನ ಯಾರ್ ಮನಿಗೆ ಕರೀತಾರ?"

"ಕುಂದ್ರು ಫಕೀರವ್ವ... ಅದು ಸ್ಟೇಟಸ್ ಅಲ್ಲ. ನಿನಗ ಯಾವ ಗುಳಿಗಿ ಎಷ್ಟು, ಯಾವುದು ಮೈಗೆ ಆಗಿಬರಂಗಿಲ್ಲ, ಅದರದ್ದೊಂದು ಕಾಪಿ ಕೀಲಿ ಹಾಕಿ ಬ್ಯಾರೆ ಕಡೆ ಇಟ್ಟೇವಿ. ಇಟ್ಕೊಂಡ ಕಂಪನಿಯವ್ರಿಗೂ ಓದಾಕ ಬರಂಗಿಲ್ಲ. ಪಾಸ್‌ವರ್ಡ್ ಹಾಕಿ, ನನ್ನ ಫೋನಿಗೆ ಬರೋ ನಂಬರ್ ಹೊಡದ್ರಷ್ಟ ತೆರೀತೈತಿ. ಅದಿಲ್ಲಂದ್ರ ಇವತ್ತ ನಿನಗ ಏನಂತ ಗುಳಿಗಿ ಬರೀಲಿ?"

ಫಕೀರವ್ವ ಮೂಗು ಒರೆಸಿಕೊಂಡಳು.
"ಕೀಲಿ ಏನೋ ಸರಿ... ಕೀಲಿ ಇಟ್ಕೊಂಡವ್ರ ಬಾಯಿ?"

ಡಾಕ್ಟರು ಜೋರಾಗಿ ನಕ್ಕರು.
"ಮೊನ್ನಿ ನಮ್ಮ ಬೀಗತಿ ಕೇಳಿದ್ರು, 'ಫಕೀರವ್ವ ಏನರ ನಿಮ್ಮ ದವಾಖಾನಿಗೆ ಬರ್ತಾಳೇನ್ರಿ?' ಅಂತ. ನನ್ನ ಕಡೆ ಯಾರು ಬರ್ತಾರ, ಯಾರು ಬರಂಗಿಲ್ಲ, ಅದನ್ನ ನಾ ಮನ್ಯಾಗ ಮಾತಾಡಂಗಿಲ್ಲ ಅಂದೆ."

"ಅವ್ರಿಗ್ಯಾಕ ಬೇಕಾಗಿತ್ರೀ ನನ್ನ ಸುದ್ದಿ?"

"ನನ್ನ ಮಗಳು ಹಡದಾಳ... ಕೂಸಿಗೆ ನೀರು ಹಾಕಾಕ ಯಾರನ್ನ ಕರೀಬೇಕು ಅಂತ ಮಾತು ನಡದಿತ್ತು. ನಾ ನಿನ್ನ ಹೆಸರು ಹೇಳೇನಿ. ನಾಳಿಂದ ಬರ್ತೀಯೇನು?"



ಗೊತ್ತಾದರೆ ಯಾರೂ ಕೂಸು ಕೊಡುವುದಿಲ್ಲ ಎಂದು ಫಕೀರವ್ವ ಹೆದರಿದ್ದಳು. ಎಲ್ಲವೂ ಗೊತ್ತಿದ್ದವರೇ ತಮ್ಮ ಮೊಮ್ಮಗುವನ್ನು ಅವಳ ಕೈಗಿಡಲು ಹೊರಟಿದ್ದರು...

ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು,
"ಬರ್ತೇನ್ರೀ ಬಾಯಾರ... ಆದ್ರ ಎಣ್ಣಿ ಮಾತ್ರ ನಾ ಹೇಳಿದ್ದ ತರಸ್ಬೇಕು ನೋಡ್ರಿ!"

*

ನಂಬಿ ಹೇಳಿದ ನೋವಿನ ದಾಖಲೆ ಕಳೆದೂ ಹೋಗಬಾರದು, ಸೋರಿಯೂ ಹೋಗಬಾರದು.

ನಿಮ್ಮ ಮೊಬೈಲಿನಲ್ಲೂ ಯಾರದೋ ರಿಪೋರ್ಟಿನ ಫೋಟೋ ಇರಬಹುದು... ಅದನ್ನು ಫಾರ್ವರ್ಡ್ ಮಾಡುವ ಮುನ್ನ ಅವರನ್ನು ಒಂದು ಮಾತು ಕೇಳಿದ್ದೀರಾ?