ನೌಕೆಯ ಸದ್ದು

ಗರಗರ ಇನ್ನೂ ಉಳಿದಿದೆಯೋ, ಇಲ್ಲ ಮೂರು ದಿನ ಹೆಡ್‌ಫೋನ್ ಹಾಕಿ ಹಳೇ ರೆಕಾರ್ಡಿಂಗಿನ ಗದ್ದಲ ತೆಗೆದೂ ತೆಗೆದೂ ತನ್ನ ಕಿವಿಯೇ ಗುಂಯ್‌ಗುಡುತ್ತಿದೆಯೋ, ಪ್ರಭುರಾಜನಿಗೆ ತಿಳಿಯಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ರಾಯಚೂರಿನ ಕಂಪ್ಯೂಟರ್ ಕ್ಲಾಸಿನವರು ಒಂದು ಬಾಹ್ಯಾಕಾಶದ ಆಟದ ವಿಡಿಯೋಗೆ ಕನ್ನಡದ ದನಿ ಕೂಡಿಸಿದ್ದರು. ಅದರ ಒಂದೇ ಒಂದು ಟೇಪು, ಕಂಪ್ಯೂಟರಿಗೆ ಇಳಿಸಿಕೊಂಡ ಮರುಗಳಿಗೆಯೇ ತುಂಡುತುಂಡಾಗಿತ್ತು. ಇಳಿದದ್ದರಲ್ಲೂ ಮಾತಿಗಿಂತ ಗದ್ದಲವೇ ಹೆಚ್ಚು. ಯಾವ ದಡ್ಡರು ಹತ್ತಿ ಬಿಡಿಸುವ ಜಿನ್ ಯಂತ್ರದ ಪಕ್ಕ ಕೂತು ರೆಕಾರ್ಡ್ ಮಾಡುತ್ತಾರೆ?

ನೌಕೆಯ ನಾಯಕಿಗೆ ದನಿ ಕೊಟ್ಟಿದ್ದ ಗದ್ದೆಮ್ಮ ಮಾನ್ವಿಯಿಂದ ಬಸ್ಸಿಗೆ ಬಂದು ಪಕ್ಕದಲ್ಲೇ ಕೂತಿದ್ದಳು. ಅವನು ಹೆಡ್‌ಫೋನ್ ಕೊಟ್ಟ. ತೆರೆಯ ಮೇಲೆ ನೌಕೆ ಮೇಲೆದ್ದಿತು. ಅವಳು ಹೆಡ್‌ಫೋನ್ ತೆಗೆದು, ಕೆಟ್ಟಿದೆಯೇನೋ ಎಂಬಂತೆ ಅಂಗೈಗೆ ಬಡಿದು, ಮತ್ತೆ ಹಾಕಿಕೊಂಡಳು.

"ಎಲ್ಲಿ ಹೋತಲೇ ನನ್ನ ರಾಕೆಟ್ಟು?"

"ಅಲ್ಲೇ ಅದಲ್ಲ ಯವ್ವಾ, ಕಾಣವಲ್ದೇನು?"

"ಕಾಣ್ತದ, ಕೇಳವಲ್ದು! ಜಿನ್ ಚಾಲೂ ಆಗ್ಲಿ ಅಂತ ಮಧ್ಯಾಹ್ನತನಕ ಕಾಯ್ದು ಮಾತಾಡೀವಿ. ಆ ಗರಗರನ ನಮ್ಮ ರಾಕೆಟ್ಟು. ಅದರ ಮ್ಯಾಲ ಕೇಳಸ್ಲಿ ಅಂತ ಹೆಂಗ ಒದರೀನಿ ನೋಡು. ಈಗ ಸುಮ್ ಸುಮ್ನ ಯಾರಿಗೋ ಬೈಯಾಕತ್ತಂಗ ಅದ. ಹಳೇದು ಹಾಕು."

ಪ್ರಭುರಾಜ ಖಾಲಿ ಫೋಲ್ಡರುಗಳನ್ನು ಒಂದೊಂದಾಗಿ ತೆರೆದ. "ತಡಿ ಯವ್ವಾ, ಹುಡುಕಾಕತ್ತೀನಿ," ಎಂದ. ಅವಳು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ಕಾದಳು. ಗದ್ದಲ ತೆಗೆದ ಹೊಸದನ್ನು ಹಳೆಯದರ ಮೇಲೆಯೇ ಸೇವ್ ಮಾಡಿ, ಹಳೆಯದನ್ನು ತಾನೇ ಅಳಿಸಿದ್ದೇನೆಂದು ಅವನು ಹೇಳಲೇ ಇಲ್ಲ.