ಬಿಚ್ಚುವ ನಳಿಗೆ

ಹರಿಹರದಲ್ಲಿ ಕೋವಿ ರಿಪೇರಿ ಮಾಡುವ ಹಯಾತ್ ಸಾಬ್ ಪಿಸ್ತೂಲಿನ ನಳಿಗೆಗೆ ಚರ್ಮದ ಪಟ್ಟಿ ಸುತ್ತಿ, ಬಿಗಿಯಾಗಿ ಹಿಡಿದು ತಿರುಗಿಸಿದ. ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆದಿದ್ದ ನಳಿಗೆ ಒಮ್ಮೆ ಕಿರ್ರೆಂದು, ಆಮೇಲೆ ತಿರುಪಿನ ಮುಚ್ಚಳದಂತೆ ಸಲೀಸಾಗಿ ಬಿಚ್ಚಿಕೊಂಡಿತು. ಎದುರಿಗೆ ಕೂತಿದ್ದ ವಾಮದೇವಪ್ಪ ಬಾಯಿ ಬಿಟ್ಟುಕೊಂಡು ನೋಡಿದ.

ದಾವಣಗೆರೆ ಮಂಡಿಪೇಟೆಯ ಈ ಸಾಹುಕಾರನಿಗೆ ಹಳೆಯ ಪಿಸ್ತೂಲು ಕೂಡಿಡುವ ಹುಚ್ಚು. ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಹನ್ನೊಂದಿದ್ದವು. ಹುಚ್ಚು ಹಿಡಿಸಿದ್ದೇ ಮುತ್ತಜ್ಜನ ಈ ಪಿಸ್ತೂಲು. ಇದರ ಬಾಯಿಗೆ ಕಡ್ಡಿ ಹಾಕಿದರೆ ತಳ ಮುಟ್ಟುವ ಮೊದಲೇ ನಿಲ್ಲುತ್ತಿತ್ತು. ತುಕ್ಕು ಕಟ್ಟಿದೆ ಎಂದುಕೊಂಡಿದ್ದ.

“ಇದಕ್ಕೆ ಬಾಯಿಂದ ತುಂಬಾದಲ್ರಿ ಸಾವ್ಕಾರ್ರೆ. ನಳಿಗೆ ಬಿಚ್ಚಿ, ಬುಡದಾಗೆ ಮದ್ದು ಹಾಕಿ, ಮ್ಯಾಲೆ ಗುಂಡು ಕೂರ್ಸಾದು.” ಹಯಾತ್ ಸಾಬ್ ಗೋಲಿಯಷ್ಟಿದ್ದ ಸೀಸದ ಗುಂಡನ್ನು ಮೀಟಿ ತೆಗೆದ. “ನೋಡ್ರಿ, ತುಂಬಿದ್ದು ತುಂಬಿದಂಗೇ ಐತೆ. ನಳಿಗೆ ಒಳಗೆ ಕರೀ ಕಲೆನೇ ಇಲ್ಲ. ಇದು ಒಂದ್ಸಲಾನೂ ಹಾರಿಲ್ಲ.”

“ಸರಿಯಾಗಿ ನೋಡಪ್ಪ. ಇದ್ರಿಂದ ಒಬ್ರು ಸತ್ತಾರೆ.”

“ಇದ್ರಿಂದ ಯಾರೂ ಸತ್ತಿಲ್ರಿ.”

ನೂರು ವರ್ಷದ ಹಿಂದೆ, ಹೊಲದ ಬದುವಿನ ಜಗಳಕ್ಕೆ, ಮುತ್ತಜ್ಜ ಈ ಪಿಸ್ತೂಲು ಹಿಡಿದು ತಮ್ಮನನ್ನು ಇದೇ ಹರಿಹರದ ಹೊಳೆಯವರೆಗೆ ಅಟ್ಟಿಸಿಕೊಂಡು ಬಂದಿದ್ದನಂತೆ. ತಮ್ಮ ಮತ್ತೆ ಮನೆಗೆ ಬರಲಿಲ್ಲ. ಒಬ್ಬನೇ ವಾಪಸಾದ ಅಣ್ಣ ಸಾಯುವ ತನಕ ತುಟಿ ಪಿಟಿಕ್ಕೆನ್ನಲಿಲ್ಲ. ಆಡಿಕೊಳ್ಳುವವರಿಗೆ ಅಷ್ಟು ಸಾಕಾಯಿತು; ತಮ್ಮನನ್ನು ಕೊಂದ ಮನೆ ಎಂಬ ಹೆಸರು ಬಿತ್ತು. ಮಾರ್ನಮಿ ಅಮಾವಾಸ್ಯೆಗೆ ಸತ್ತ ಹಿರಿಯರಿಗೆಲ್ಲ ಒಳಗೆ ಎಡೆ, ಕೊಲೆಯಾಗಿ ಸತ್ತವನೆಂದು ಆ ತಮ್ಮನಿಗೆ ಮಾತ್ರ ಹೊಸ್ತಿಲಾಚೆ. ಸೊಸೆಯಾಗಿ ಬಂದಾಗಿನಿಂದ ಅರವತ್ತು ವರ್ಷ ಅದನ್ನು ಇಟ್ಟವಳು ವಾಮದೇವಪ್ಪನ ತಾಯಿ ಬಸವಣ್ಣೆಮ್ಮ. “ಈ ಪಾಪ ನನ್ನ ಮೊಮ್ಮಕ್ಕಳಿಗೆ ಬ್ಯಾಡಪ್ಪ” ಎಂದು ಪ್ರತಿ ಸಲವೂ ಕಣ್ಣೀರಿಡುತ್ತಿದ್ದಳು.

ಹಯಾತ್ ಸಾಬನ ಅಂಗಡಿಯ ಹಿಂದೆಯೇ ಆ ಹೊಳೆ. ಬೆಳಗಿನ ಮಂಜು ಇನ್ನೂ ಎದ್ದಿರಲಿಲ್ಲ. ವಾಮದೇವಪ್ಪ ನೋಡುತ್ತ ಕೂತ. ಯಾರೋ ಎದೆಮಟ್ಟದ ನೀರು ಹಾದು ಆಚೆ ದಡ ಹತ್ತಿದ ಹಾಗೆ, ಈಚೆ ದಡದಲ್ಲಿ ಇನ್ನೊಬ್ಬ ಪಿಸ್ತೂಲು ಹಿಡಿದು ಚಾಚಿದ ಕೈಯನ್ನು ಮೆಲ್ಲಗೆ ಇಳಿಸಿದ ಹಾಗೆ ಕಂಡಿತು. ಆಚೆಯವನು ಒಮ್ಮೆ ಹಿಂತಿರುಗಿ ನೋಡಿ ಮಂಜಿನೊಳಗೆ ನಡೆದುಹೋದ. ವಾಮದೇವಪ್ಪನಿಗೆ ಅಳು ಬಂತು.

ಅವತ್ತೇ ಅಮಾವಾಸ್ಯೆ. ಬಸ್ಸು ಹಿಡಿದು ಮನೆ ಸೇರುವ ಹೊತ್ತಿಗೆ ಬಸವಣ್ಣೆಮ್ಮ ಹೊಸ್ತಿಲಾಚೆಯ ಎಲೆಗೆ ಹೋಳಿಗೆ ಬಡಿಸುತ್ತಿದ್ದಳು. ವಾಮದೇವಪ್ಪ ಗುಂಡನ್ನು ಅವಳ ಕೈಗಿಟ್ಟು ಎಲ್ಲವನ್ನೂ ಹೇಳಿದ. ಮುದುಕಿ ಅದನ್ನು ಬಹಳ ಹೊತ್ತು ಹೊರಳಿಸಿ ಹೊರಳಿಸಿ ನೋಡಿದಳು.

“ಹಂಗಾರೆ ಎಲ್ಲೋ ಬಾಳಿ ಬದುಕಿ, ವಯಸ್ಸಾಗಿ ಹೋಗಿರ್ತಾನೆ ಅನ್ನು.”

“ಹೂಂ ಅವ್ವ.”

ಬಸವಣ್ಣೆಮ್ಮ ಬಡಿಸಿದ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಹೊಸ್ತಿಲು ದಾಟಿ, ಅಣ್ಣನ ಎಲೆಯ ಮಗ್ಗುಲಲ್ಲಿ ಜಾಗ ಮಾಡಿ ಅದನ್ನು ಇಟ್ಟಳು. ಆಮೇಲೆ ಬಾಗಿಲ ಕಡೆ ತಿರುಗಿ ಹೇಳಿದಳು:

“ಒಳಗೆ ಬಾರಪ್ಪ. ಭಾಳ ದಿನ ಹೊರಗೆ ಕೂಡ್ರಿಸಿಬಿಟ್ವಿ.”