ಬುಸ್ ಅಂದರೆ ಏನು ಮಾಡಬೇಕು

ಸಾಫ್ಟ್‌ವೇರಿಗೆ ಒಪ್ಪಿಸಿದ ಉತ್ತರ ಒಪ್ಪಿಸಿದವರ ತಲೆಯಲ್ಲಿ ಉಳಿಯುವುದಿಲ್ಲ, ಪೂರ್ತಿ ಅಳಿಸಿಹೋಗುತ್ತದೆ. ಅದರ ಜೊತೆ ಬೇರೇನಾದರೂ ಅಳಿಸಿಹೋದೀತೆಂದು ಜಯಶೀಲಾ, ಒಪ್ಪಿಸಲು ಹೋಗುವ ಎಲ್ಲರಂತೆ, ಮನೆ ವಿಳಾಸವನ್ನು ಅಂಗೈ ಮೇಲೆ ಬರೆದುಕೊಂಡು ಆಫೀಸಿಗೆ ಬಂದಿದ್ದಳು.

ಮನೆಗಳಿಗೆ ಆಮ್ಲಜನಕದ ಯಂತ್ರ ಮಾರುವ ಕಂಪನಿಯ ಸಹಾಯವಾಣಿಯಲ್ಲಿ ಅವಳದು ಹನ್ನೊಂದು ವರ್ಷ. ಕರೆ ಮಾಡುವವರಿಗೆ ಎರರ್ ಕೋಡ್ ಗೊತ್ತಿರುವುದಿಲ್ಲ. ಸುಯ್ ಅಂತದೆ, ಬುಸ್ ಅಂತದೆ ಎನ್ನುತ್ತಾರೆ. ಯಾವ ಸದ್ದಿಗೆ ಏನು ಮಾಡಬೇಕೆಂದು ಗೊತ್ತಿದ್ದದ್ದು ಅವಳೊಬ್ಬಳಿಗೇ. ಬೆಳಿಗ್ಗೆ ಅಷ್ಟನ್ನೂ ಮೈಕಿನಲ್ಲಿ ಹೇಳಿ ಮುಗಿಸಿದಳು. ಮೂರು ಸಾಫ್ಟ್‌ವೇರ್‌ಗಳು ಒಟ್ಟಿಗೇ ಕೇಳಿಸಿಕೊಂಡವು.

"ಯಾವುದು ಸರಿಯಾಗಿ ಹೇಳುತ್ತೋ ಅದನ್ನೇ ವೆಬ್‌ಸೈಟಿಗೆ ಹಾಕೋಣ. ನೀವೇ ಆರಿಸಿ ಮೇಡಂ," ಎಂದರು ಮ್ಯಾನೇಜರ್ ನಿರಂಜನ್.

ಅಷ್ಟರಲ್ಲಿ ಹಿರಿಯೂರಿನಿಂದ ಒಬ್ಬ ಹೆಂಗಸಿನ ಫೋನ್ ಬಂತು. "ಮೇಡಂ, ನಮ್ಮ ಮಾವನ ಮಿಷನ್ನು ಬುಸ್ ಬುಸ್ ಅಂತೈತೆ. ಉಸಿರಿಗೆ ಒದ್ದಾಡ್ತಾವ್ರೆ."

ಜಯಶೀಲಾ ಮೂರೂ ಪರದೆಗಳಲ್ಲಿ 'ಬುಸ್' ಎಂದು ಹುಡುಕಿದಳು. ಫಿಲ್ಟರ್ ತೆಗೆದು ತೊಳೆಯಿರಿ ಎಂದಿತು ಮೊದಲನೆಯದು. ಆಫ್ ಮಾಡಿ ಹತ್ತು ನಿಮಿಷ ಬಿಡಿ ಎಂದಿತು ಎರಡನೆಯದು. ಯಾವ ಕಾರಣಕ್ಕೂ ಆಫ್ ಮಾಡಬೇಡಿ, ಯಂತ್ರಕ್ಕೆ ಸಿಕ್ಕಿಸಿದ ನೀರಿನ ಬಾಟಲಿ ಬಿಗಿ ಮಾಡಿ ಎಂದಿತು ಮೂರನೆಯದು.

"ಯಾವುದು ಸರಿ?" ನಿರಂಜನ್ ಪಿಸುಗುಟ್ಟಿದರು.

ಅವಳು ಅಂಗೈ ನೋಡಿಕೊಂಡಳು. ಅಲ್ಲಿ ಮನೆ ವಿಳಾಸವಷ್ಟೇ ಇತ್ತು.

"ಹಲೋ," ಎಂದಳು ಫೋನಿನಲ್ಲಿ.

"ಅಯ್ಯೋ, ನೀವೇನಾ ಮೇಡಂ!" ಆ ಹೆಂಗಸಿನ ದನಿಗೆ ಜೀವ ಬಂತು. "ಹೋದ ತಿಂಗ್ಳೂ ಹಿಂಗೇ ಆದಾಗ ನೀವೇ ಹೇಳಿದ್ರಿ. ಗಾಬ್ರೀಲಿ ನಂಗೆ ಮರ್ತೋಗೈತೆ. ಅದ್ನೇ ಇನ್ನೊಂದ್ಸಲ ಹೇಳ್ಬಿಡಿ, ಸಾಕು."